ಹೂಜಿ ಗಿಡ ಸತ್ತದ್ದು ನನ್ನ ನೀರಿಗಲ್ಲ

ತಾರ್ನಾಕ, ಹೊರಡುವ ಮೊದಲು

ಮಲೇಷ್ಯಾಕ್ಕೆ ಹೋಗಿ ಬಂದವರೆಲ್ಲ ಆ ಎತ್ತರದ ಜೋಡಿ ಕಟ್ಟಡದ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅದಿಲ್ಲ. ಆ ಕಟ್ಟಡವನ್ನು ನಾನು ನೋಡಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ನಾನು ಹೋದದ್ದು ಒಂದು ಗಿಡ ಹುಟ್ಟಿದ ಊರನ್ನು ನೋಡಲಿಕ್ಕೆ. ಆ ಗಿಡ ನನ್ನ ಹೆಸರು ಕೆಡಿಸಿತ್ತು.

ನಾನು ಶಾಂತವ್ವ, ಭಾಲ್ಕಿ ಕಡೆಯವಳು. ಗಂಡನಿಗೆ ಇಲ್ಲಿ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಹೈದರಾಬಾದಿಗೆ ಬಂದೆ, ಅವನು ತೀರಿಹೋದ ಮೇಲೂ ಇಲ್ಲೇ ಉಳಿದೆ. ಓದಿದ್ದು ಎರಡನೆಯ ಇಯತ್ತೆ. ಒಂದು ಕಾಲೇಜಿನ ಗಾಜಿನ ಮನೆಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕಿದ್ದೆ. ಅಲ್ಲಿಯ ಮೇಡಂ ಒಂದು ಸಲ ಮಲೇಷ್ಯಾಕ್ಕೆ ಹೋಗಿ ಇಪ್ಪತ್ತೆರಡು ಹೂಜಿ ಗಿಡ ತಂದರು. ನೋಡದವರಿಗೆ ಹೇಳುತ್ತೇನೆ: ಆ ಗಿಡದ ಎಲೆಯ ತುದಿಯಿಂದ ಬಳ್ಳಿಯಂಥ ಎಳೆಯೊಂದು ಕೆಳಗೆ ಇಳಿಯುತ್ತದೆ. ಎಳೆಯ ತುದಿ ಉಬ್ಬಿ ಹೂಜಿಯಾಗುತ್ತದೆ. ಮೇಲೊಂದು ಮುಚ್ಚಳ, ಒಳಗೆ ನೀರು. ಇರುವೆ, ನೊಣ ಜಾರಿ ಬಿದ್ದರೆ ಗಿಡ ಅದನ್ನು ಅಲ್ಲೇ ಕರಗಿಸಿ ತಿನ್ನುತ್ತದೆ.

ಬೋರ್ ನೀರು ಹಾಕಬೇಡ, ಉಪ್ಪಿಗೆ ಬೇರು ಸಾಯುತ್ತದೆ ಎಂದರು ಮೇಡಂ. ಹಾಕಲಿಲ್ಲ. ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಫೆಬ್ರವರಿಗೆ ಮುಗಿಯಿತು. ಆಮೇಲೆ ಕಾಲೇಜಿನ ಪ್ರತಿ ಎ.ಸಿ.ಯ ಕೊಳವೆ ಕೆಳಗೆ ಒಂದೊಂದು ಬಕೆಟ್ ಇಟ್ಟೆ. ಹನಿ ಹನಿ ತುಂಬುವ ಆ ನೀರಿನಲ್ಲಿ ಉಪ್ಪಿಲ್ಲ. ಮೂರು ಮಹಡಿ ಹತ್ತಿ ಇಳಿದು ಆ ನೀರು ಹೊತ್ತೆ. ಸುತ್ತ ಗೋಣಿ ತಟ್ಟು ಕಟ್ಟಿ ಒದ್ದೆ ಮಾಡಿದೆ. ಆದರೂ ಏಪ್ರಿಲ್ ಮುಗಿಯುವಷ್ಟರಲ್ಲಿ ಇಪ್ಪತ್ತೆರಡೂ ಸತ್ತವು.

ಗಾಜಿನ ಮನೆಯಲ್ಲಿ ಒಂದು ಪುಸ್ತಕ ಇತ್ತು. ಯಾವ ಗಿಡ ಸತ್ತಿತು, ಯಾಕೆ ಸತ್ತಿತು ಎಂದು ಅದರಲ್ಲಿ ಬರೆಯಬೇಕು. ಮೇಡಂ ಇಂಗ್ಲಿಷಿನಲ್ಲಿ ಬರೆದರು. ಏನು ಬರೆದಿದ್ದಾರೆ ಎಂದು ಅಲ್ಲಿಯ ಗುಮಾಸ್ತನನ್ನು ಕೇಳಿದೆ. ಅವನು ಬೆರಳಿಟ್ಟು ಓದಿದ: "ಶಾಂತವ್ವನ ಅಲಕ್ಷ್ಯ. ಬೋರ್ ನೀರು ಹಾಕಿದ್ದಾಳೆ." ಮುಂದಿನ ಸಾಲು ಓದು ಎಂದೆ. ಅದೇ. ಇಪ್ಪತ್ತೆರಡು ಸಾಲಿನಲ್ಲೂ ಅದೇ.

ನನ್ನನ್ನು ಗಾಜಿನ ಮನೆಯಿಂದ ತೆಗೆದು ಕಾಲೇಜಿನ ರಸ್ತೆ ಕಸ ಹೊಡೆಯಲು ಹಾಕಿದರು. ಎಂಟು ವರ್ಷ ಹೊಡೆದೆ. "ಆಕಿ ಮುಟ್ಟಿದ್ದು ಹತ್ತಂಗಿಲ್ಲ" ಎಂದು ಉಳಿದ ಮಾಲಿಗಳು ತಮ್ಮ ಸಸಿಗಳನ್ನು ನನ್ನಿಂದ ದೂರ ಇಡುತ್ತಿದ್ದರು. ಬೋರ್ ನೀರು ಹಾಕಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಗಿಡ ಯಾಕೆ ಸತ್ತಿತು ಎಂದು ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ಜಗಳವನ್ನಾದರೂ ಹೇಗೆ ಮಾಡುವುದು? ಎ.ಸಿ. ನೀರಿನಲ್ಲೇ ಏನಾದರೂ ಇತ್ತೇನೋ, ನನ್ನ ಕೈಯೇ ಕೆಟ್ಟದ್ದೇನೋ ಎಂದು ಒಮ್ಮೊಮ್ಮೆ ನನಗೇ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವಂತೆ ಮಾಡಿದರಲ್ಲ, ಆ ಸಿಟ್ಟು ಬೇರೆ.

ಪದ್ಮ ನನ್ನ ತಂಗಿಯ ಮಗಳು. ಹಬ್ಸಿಗೂಡದಲ್ಲಿ ಅವಳದೊಂದು ನರ್ಸರಿ ಇದೆ. ಗಿಡ ಆರಿಸಿ ತರಲು ಮಲೇಷ್ಯಾಕ್ಕೆ ಹೊರಟವಳು ನನ್ನನ್ನು ಕರೆದಳು.

"ದೊಡ್ಡವ್ವ, ನೀ ಬಾ. ಯಾವುದು ಬದುಕತೈತಿ, ಯಾವುದು ಸಾಯತೈತಿ ನಿನಗ ತಿಳದಂಗ ನನಗ ತಿಳಿಯಂಗಿಲ್ಲ."

"ಯಾವ ಗಿಡ?"

"ಹೂಜಿ ಗಿಡ. ಫ್ಲ್ಯಾಟಿನ ಮಂದಿ ದಿನಾ ಫೋನ್ ಮಾಡಿ ಕೇಳಾಕತ್ತಾರ."

ಬಾಯಿಗೆ ಬಂದದ್ದು ಅಂದೆ. ಮರುದಿನ ನಾನೇ ಹೋಗಿ, ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು ಎಂದು ಕೇಳಿದೆ.

ಶಂಷಾಬಾದ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ಯಂತ್ರದೊಳಗೆ ಕಳಿಸಿದರು. ಆ ಕಡೆ ಕೂತ ಹುಡುಗಿ ಚೀಲ ಬಿಚ್ಚಿಸಿ ನನ್ನ ಚಾಕು ತೆಗೆದಳು. ಬೆರಳುದ್ದದ ಚಾಕು, ಗಿಡದ ಕಡ್ಡಿ ಕೊಯ್ಯುವುದು.

"ಅಮ್ಮಾ, ಇದನ್ನು ಒಯ್ಯುವ ಹಾಗಿಲ್ಲ" ಎಂದಳು ತೆಲುಗಿನಲ್ಲಿ.

"ಯಾಕೆ, ನಾನು ಯಾರ ಕುತ್ತಿಗೆ ಕೊಯ್ಯುತ್ತೇನೆ?" ಎಂದೆ ನಾನೂ ತೆಲುಗಿನಲ್ಲಿ.

ಹಿಂದೆ ನಿಂತ ಪೊಲೀಸಿನವನು ಹತ್ತಿರ ಬಂದ. ಪದ್ಮ ನನ್ನ ತೋಳು ಹಿಡಿದು ಜಗ್ಗಿದಳು.

"ದೊಡ್ಡವ್ವ, ಕುತ್ತಿಗಿ ಮಾತು ಇಲ್ಲಿ ಆಡಬಾರದು! ಚಾಕು ಯಾಕ ತಂದಿ?"

"ಗಿಡ ನೋಡಾಕ ಹೊಂಟೋರು ಚಾಕು ಇಲ್ದ ಹೋಗ್ತಾರೇನು? ನೀ ಏನ್ ಹಿಡ್ಕೊಂಡಿ, ಲಿಪ್‌ಸ್ಟಿಕ್ಕು?"

ಚಾಕು ಅವರ ಡಬ್ಬಿಗೆ ಹೋಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟರು. ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಕಾಲು ಚಾಚಲು ಜಾಗವಿಲ್ಲ. ಗಗನಸಖಿ ಕೊಟ್ಟ ಬ್ರೆಡ್ಡು ತಣ್ಣಗಿತ್ತು, ನನ್ನ ರೊಟ್ಟಿಯೂ ತಣ್ಣಗಿತ್ತು, ಆದರೆ ರೊಟ್ಟಿ ತಣ್ಣಗಾದರೂ ರೊಟ್ಟಿ.

ಕೌಲಾಲಂಪುರ, ಕೆಳಗಿನ ಊರು

ಹೊರಗೆ ಕಾಲಿಟ್ಟೊಡನೆ ಒದ್ದೆ ಗೋಣಿ ಹೊದಿಸಿದಂತಾಯಿತು. ನಮ್ಮೂರಿನ ಬಿಸಿಲು ಚರ್ಮ ಸುಲಿಯುತ್ತದೆ, ಬೆವರು ಕಾಣುವುದೇ ಇಲ್ಲ. ಅಲ್ಲಿಯ ಸೆಕೆ ಬೇಯಿಸುತ್ತದೆ. ಹತ್ತು ಹೆಜ್ಜೆಗೆ ಕುಪ್ಪಸ ಬೆನ್ನಿಗೆ ಅಂಟಿತು. ಒಣಹಾಕಿದ ಸೀರೆ ಮರುದಿನವೂ ಹಸಿಯಾಗಿಯೇ ಇತ್ತು. ಅದನ್ನೇ ಉಟ್ಟುಕೊಂಡು ಹೋದೆ, ಮೈಮೇಲೂ ಒಣಗಲಿಲ್ಲ.

ಊರ ಹೊರಗೆ ರಸ್ತೆ ಬದಿಯ ಒಂದು ನರ್ಸರಿಗೆ ಹೋದೆವು. ತೆಂಗಿನ ನಾರಿನ ಬುಟ್ಟಿಗಳಲ್ಲಿ ಹೂಜಿ ಗಿಡ ಸಾಲಾಗಿ ತೂಗುತ್ತಿದ್ದವು. ಗಾಜಿಲ್ಲ, ಗೋಣಿ ತಟ್ಟಿಲ್ಲ. ಲಾರಿ ಹೊಗೆ ನೇರ ಅವುಗಳ ಮೇಲೆ. ಒಂದೊಂದು ಗಿಡಕ್ಕೆ ಹದಿನೈದು, ಇಪ್ಪತ್ತು ಹೂಜಿ, ಕೆಲವು ನನ್ನ ಮುಷ್ಟಿಯಷ್ಟು ದಪ್ಪ. ಅಂಗಡಿಯವನು ಕುರ್ಚಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ. ದಿನಕ್ಕೆ ಎಷ್ಟು ಸಲ ನೀರು ಹಾಕುತ್ತಾನೆ ಕೇಳು ಎಂದೆ. ಪದ್ಮ ಇಂಗ್ಲಿಷಿನಲ್ಲಿ ಕೇಳಿದಳು. ಅವನು ತಲೆ ಎತ್ತದೆ ಆಕಾಶದ ಕಡೆ ಬೆರಳು ತೋರಿಸಿದ.

ಮೈ ಉರಿಯಿತು. ಒಂದು ಹೂಜಿ ಉಬ್ಬಲಿ ಎಂದು ಮೂರು ಮಹಡಿ ಹತ್ತಿ ಇಳಿದವಳು ನಾನು. ಇವನು ಕೂತಲ್ಲಿಂದ ಏಳುವುದೂ ಇಲ್ಲ!

ಅದರ ಮೇಲೆ ಇನ್ನೊಂದು. ಸಂತೆಯಲ್ಲಿ ತಲೆಗೆ ಬಟ್ಟೆ ಸುತ್ತಿದ ಹೆಂಗಸೊಬ್ಬಳು ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಒತ್ತಾಗಿ ನಿಲ್ಲಿಸಿದ್ದು ಹೂಜಿಗಳು. ಗಿಡದಿಂದ ಕಿತ್ತು, ತೊಳೆದು, ಒಳಗೆ ಅಂಟಕ್ಕಿ ತುಂಬಿ, ತೆಂಗಿನ ಹಾಲು ಹೊಯ್ದು ಹಬೆಯಲ್ಲಿ ಬೇಯಿಸಿದ್ದಳು. ನಾವು ಇಡ್ಲಿ ಮಾಡಿದ ಹಾಗೆ. ಅವರು ಹೂಜಿಗೆ ಕೋತಿಯ ಮಡಕೆ ಎನ್ನುತ್ತಾರಂತೆ. ಪದ್ಮ ನಕ್ಕಳು.

"ತಿನ್ನು ದೊಡ್ಡವ್ವ. ನಿನ್ನ ವೈರಿ ಅಲ್ಲೇನು ಅದು?"

ತಿಂದೆ. ಚಲೋ ಇತ್ತು. ಅದಕ್ಕೂ ಸಿಟ್ಟು ಬಂತು. ನಮ್ಮ ಗಾಜಿನ ಮನೆಯಲ್ಲಿ ಒಂದು ಹೂಜಿಗೆ ಬೆರಳು ತಗುಲಿದರೆ ಮೇಡಂ ಕೂಗುತ್ತಿದ್ದರು. ಇಲ್ಲಿ ಅದು ಉಪಾಹಾರ.

ನಾನು ಅಂಗಡಿಯವನ ಗಿಡಗಳನ್ನು ಮತ್ತೆ ಹೋಗಿ ನೋಡಿದೆ. ಎಲೆ ಅಗಲ, ಹೂಜಿ ಗುಂಡು. ಮೇಡಂ ತಂದ ಗಿಡದ ಹೂಜಿ ಉದ್ದ, ಕೆಂಪು, ಎಲೆ ಬಿರುಸು. ಅದು ಈ ಜಾತಿಯಲ್ಲ. ಅದೆಲ್ಲಿ ಸಿಗುತ್ತದೆ ಎಂದರೆ, ಬೆಟ್ಟದ ಮೇಲೆ ಎಂದ ಅವನು. ಈ ಸಲ ಎದ್ದು ನಿಂತು ಹೇಳಿದ, ನನ್ನ ಮುಖ ನೋಡಿಯೇ ಇರಬೇಕು.

ಬೆಟ್ಟದ ಮೇಲೆ

ಕ್ಯಾಮರೂನ್ ಬೆಟ್ಟಕ್ಕೆ ಬಸ್ಸಿನಲ್ಲಿ ನಾಲ್ಕು ತಾಸು. ಕೊನೆಯ ತಾಸು ಬರೀ ತಿರುವು. ಪಕ್ಕದ ಸೀಟಿನ ಚೀನೀ ಮುದುಕ ಕಿತ್ತಳೆ ಸಿಪ್ಪೆ ಮೂಸಿ ನೋಡು ಎಂದು ಸನ್ನೆ ಮಾಡಿ ಕೊಟ್ಟ. ಮೂಸಿದೆ. ಆಮೇಲೆ ಅವನ ಚೀಲದಲ್ಲೇ ವಾಂತಿ ಮಾಡಿದೆ. ಅವನು ಬೈಯಲಿಲ್ಲ. ಇನ್ನೊಂದು ಸಿಪ್ಪೆ ಕೊಟ್ಟ. ಅಲ್ಲಿಯ ತನಕ ಆ ದೇಶದಲ್ಲಿ ನಾನು ಸಿಟ್ಟಾಗದ ಮನುಷ್ಯ ಅವನೊಬ್ಬನೇ.

ಬಸ್ಸಿನಿಂದ ಇಳಿದೊಡನೆ ಹಲ್ಲು ಕಟಕಟ ಅಂದವು. ಮೂರು ಗಂಟೆಯ ಹಗಲು, ಮಂಜು, ಸುತ್ತ ಚಹಾ ತೋಟ. ನನ್ನ ಮೈಮೇಲೆ ನೂಲಿನ ಸೀರೆ. ವಸತಿಗೃಹದ ಕಂಬಳಿ ಹೊದ್ದುಕೊಂಡೇ ಹೊರಬಿದ್ದೆ. ಅಲ್ಲಿಯ ಮ್ಯಾನೇಜರು ಬಾಗಿಲ ತನಕ ಓಡಿಬಂದು ಕಂಬಳಿಯ ತುದಿ ಹಿಡಿದ. ನಾನು ಬಿಡಲಿಲ್ಲ. ಪದ್ಮ ಅದೇನು ಮಾತಾಡಿದಳೋ, ಅವನು ಕೈ ಬಿಟ್ಟ.

ಗಿಡ ಬೆಳೆಸುವವಳ ಹೆಸರು ಸೆಲ್ವಿ, ತಮಿಳಿನವಳು. ಅವಳ ಮುತ್ತಜ್ಜ ಚಹಾ ತೋಟಕ್ಕೆ ಕೂಲಿಯಾಗಿ ಬಂದವನಂತೆ. ವಯಸ್ಸು ಐವತ್ತರ ಮೇಲೆ, ಮೊಣಕಾಲುದ್ದ ರಬ್ಬರ್ ಬೂಟು. ಅವಳ ತಮಿಳು ನನಗೆ ಅರ್ಧ ತಿಳಿಯಿತು, ನನ್ನ ಕನ್ನಡ ಅವಳಿಗೆ ಕಾಲು ಭಾಗ. ಉಳಿದದ್ದಕ್ಕೆ ಕೈ ಇತ್ತು. ನನ್ನನ್ನು ಪಾಟಿ ಎಂದು ಕರೆದಳು. ಅಜ್ಜಿ ಅಂತ.

ನೆರಳು ಪರದೆಯ ಕೆಳಗೆ ನನ್ನ ಗಿಡಗಳು ನಿಂತಿದ್ದವು. ಅದೇ ಬಿರುಸು ಎಲೆ, ಅದೇ ಉದ್ದನೆಯ ಕೆಂಪು ಹೂಜಿ. ಸತ್ತವರು ಎದುರಿಗೆ ಬಂದಂತಾಯಿತು. ಎಲ್ಲ ಹೇಳಿದೆ. ಮಳೆ ನೀರು, ಎ.ಸಿ. ನೀರು, ಗೋಣಿ ತಟ್ಟು, ಇಪ್ಪತ್ತೆರಡು ಸಾಲು. ಎಲ್ಲಿ ತಪ್ಪಿತು ಹೇಳು ಎಂದೆ. ನನ್ನದೇ ತಪ್ಪಾಗಿದ್ದರೆ ಅದನ್ನೂ ಹೇಳು, ಕೇಳಿ ಹೋಗುತ್ತೇನೆ.

ಸೆಲ್ವಿ ನೀರಿನ ಮಾತೇ ಎತ್ತಲಿಲ್ಲ. ಬೇರೆ ಕೇಳಿದಳು.

"ಪಾಟಿ, ಆ ತಿಂಗಳಲ್ಲಿ ನಿಮ್ಮೂರಲ್ಲಿ ರಾತ್ರಿ ಏನು ಹೊದ್ದುಕೊಳ್ತೀರಿ?"

"ಏಪ್ರಿಲ್‌ನಾಗ? ಹೊದಿಯೋದೇನು ಬಂತು! ನೆಲಕ್ಕ ನೀರು ಚೆಲ್ಲಿ ಅದರ ಮ್ಯಾಲೆ ಮಲಗ್ತೀವಿ. ಆದ್ರೂ ನಿದ್ದಿ ಹತ್ತಂಗಿಲ್ಲ."

"ನಿಮಗೇ ನಿದ್ದೆ ಇಲ್ಲ. ಇದು ಹೇಗೆ ಮಲಗುತ್ತೆ?" ಎಂದು ಗಿಡ ತೋರಿಸಿದಳು.

ಆಮೇಲೆ ಬಿಡಿಸಿ ಹೇಳಿದಳು. ಹೂಜಿ ಗಿಡದಲ್ಲಿ ಎರಡು ಬಗೆ. ಕೆಳಗಿನ ಊರಿನದಕ್ಕೆ ಹಗಲೂ ರಾತ್ರಿಯೂ ಸೆಕೆ ಬೇಕು, ಗಾಳಿ ಒದ್ದೆ ಇರಬೇಕು. ಬೆಟ್ಟದ್ದು ಹಗಲಿನ ಶಾಖವನ್ನು ಹೇಗೋ ತಾಳುತ್ತದೆ, ಆದರೆ ರಾತ್ರಿ ಚಳಿ ಬೇಕೇ ಬೇಕು. ಚಳಿ ಸಿಗದಿದ್ದರೆ ಹಗಲು ಮಾಡಿಕೊಂಡ ಅಡುಗೆಯನ್ನೆಲ್ಲ ರಾತ್ರಿ ತಾನೇ ಸುಟ್ಟುಕೊಳ್ಳುತ್ತದೆ, ಸೊರಗುತ್ತದೆ. ಯಾವ ನೀರು ಹಾಕಿದರೂ ಅಷ್ಟೇ. ಅವಳು ಒಂದು ಎಳೆ ಎಲೆಯ ತುದಿ ಹಿಡಿದಳು. ಅಲ್ಲಿ ಅಕ್ಕಿ ಕಾಳಿನಷ್ಟು ಹೂಜಿ ಆಗಲೇ ಉಬ್ಬಿತ್ತು.

"ಹಳೆ ಹೂಜಿ ತಿಂಗಳುಗಟ್ಟಲೆ ಹಾಗೇ ಇರುತ್ತೆ, ಮೋಸ ಮಾಡುತ್ತೆ. ಹೊಸ ಎಲೆಯ ತುದಿ ನೋಡಬೇಕು. ನಿಮ್ಮದರ ತುದಿ ಹೇಗಿತ್ತು?"

"ಕರ್ರಗಾಗಿ ಒಣಗತಿತ್ತು. ಬಂದ ತಿಂಗಳಿಂದ."

"ಬಂದ ತಿಂಗಳೇ ಮುಗಿದಿತ್ತು, ಪಾಟಿ. ನಿಮ್ಮ ನೀರಿನಿಂದಲೇ ಅಷ್ಟು ದಿನ ಇತ್ತು."

ಅತ್ತುಬಿಟ್ಟೆ ಎಂದು ಹೇಳಿದರೆ ಕೇಳುವವರಿಗೆ ಸಮಾಧಾನವಾಗಬಹುದು. ಅಳಲಿಲ್ಲ. ಆ ಚಳಿಯಲ್ಲಿ ಕಂಬಳಿ ಬಿಗಿಮಾಡಿಕೊಂಡಾಗ ನೆನಪಾದದ್ದು ಮೇಡಂ ಕೋಣೆಯ ಗೋಡೆಯ ಮೇಲಿನ ಫೋಟೊ. ಹಿಂದೆ ಚಹಾ ತೋಟ, ಕೈಯಲ್ಲಿ ಹೂಜಿ ಗಿಡ, ಮೈಮೇಲೆ ದಪ್ಪ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ಟೋಪಿ. ದಿನಾ ಆ ಫೋಟೊದ ಧೂಳು ಒರೆಸಿದವಳು ನಾನೇ. ಇಲ್ಲಿ ನಿಂತು ನಡುಗಿದವರೇ ಆ ಗಿಡವನ್ನು ಹೈದರಾಬಾದಿಗೆ ಹೊತ್ತು ತಂದು, ಸತ್ತಾಗ ನನ್ನ ಬಕೆಟ್ಟಿನ ಕಡೆ ಬೆರಳು ತೋರಿಸಿದರು.

ಮೇಡಂ ಪದ್ಮನ ಗಿರಾಕಿ, ಬೇಗಂಪೇಟೆಯ ಮನೆಗೆ ಗೊಬ್ಬರ ತರಿಸುತ್ತಾರೆ. ನಂಬರು ಫೋನಿನಲ್ಲೇ ಇತ್ತು. ಹಚ್ಚು ಎಂದೆ. ಪದ್ಮ ಬೇಡ ಬೇಡ ಅಂದಳು. ಫೋನು ಕಸಿದುಕೊಂಡೆ. ಆಮೇಲೆ ಹಚ್ಚುವುದು ಹೇಗೆಂದು ತಿಳಿಯದೆ ಅವಳಿಗೇ ಕೊಟ್ಟೆ. ಹಚ್ಚಿದಳು.

"ಯಾರು, ಶಾಂತವ್ವನಾ? ಎಲ್ಲಿಂದ ಮಾತಾಡ್ತಿದೀಯ?" ಎಂದರು ಮೇಡಂ. ಅವರು ಮೈಸೂರಿನವರು.

"ನೀವು ಫೋಟೊ ತೆಗೆಸಿಕೊಂಡಿದ್ರೆಲ್ಲರಿ, ಅದೇ ಬೆಟ್ಟದಿಂದ. ಭಾಳ ಥಂಡಿ ಐತ್ರಿ ಇಲ್ಲಿ."

ಅವರು ಏನಾದರೂ ಅನ್ನುವ ಮೊದಲೇ ಕೇಳಿದೆ.

"ಆ ಗಿಡಕ್ಕ ರಾತ್ರಿ ಚಳಿ ಬೇಕು ಅಂತ ನಿಮಗ ಆವಾಗ ಗೊತ್ತಿತ್ತೇನ್ರಿ?"

"ಕೂಲಿಂಗ್ ಹಾಕಿಸಿಕೊಡಿ ಅಂತ ಕಾಲೇಜಿನವರಿಗೆ ಎರಡು ಸಲ ಬರೆದಿದ್ದೆ, ಶಾಂತವ್ವ. ಕೊಡಲಿಲ್ಲ."

"ಅಂದ್ರ ಗೊತ್ತಿತ್ತು."

"ಗಿಡ ತರಿಸಿದ್ದಕ್ಕೆ ನನ್ನನ್ನೇ ಹಿಡ್ಕೋತಿದ್ರು. ಪುಸ್ತಕದಲ್ಲಿ ಏನಾದ್ರೂ ಕಾರಣ ಬರೀಬೇಕಿತ್ತಲ್ಲ."

ಏನಾದರೂ ಕಾರಣ. ಅದು ನಾನು. ಬಂದು ಮಾತಾಡ್ತೀನ್ರಿ ಎಂದು ಫೋನು ಪದ್ಮನ ಕೈಗೆ ಕೊಟ್ಟೆ.

ಇಳಿಯುವ ದಿನ

ಪದ್ಮನಿಗೆ ಆ ಕೆಂಪು ಹೂಜಿಯ ಮೇಲೆ ಮನಸ್ಸಾಗಿತ್ತು. ಐವತ್ತು ಗಿಡ ಆರಿಸಿ ಪಕ್ಕಕ್ಕೆ ಇಡಿಸಿದ್ದಳು.

"ಮಂದಿ ಎ.ಸಿ. ರೂಮಿನಾಗ ಇಟ್ಕೋತಾರ ದೊಡ್ಡವ್ವ. ಚಳಿ ಸಿಗತೈತಿ."

"ಎ.ಸಿ. ಹಾಕಿದ್ರ ಗಾಳಿ ಒಣಗತೈತಿ. ತುದಿ ಕರ್ರಗಾಗತೈತಿ. ಎಷ್ಟ್ ದಿನ ಬಾಳತೈತಿ ನೀನ ಹೇಳು."

"ಆರು ತಿಂಗಳರ ಇರತೈತಿ. ಆಮ್ಯಾಲ ಅವರ ಹಣೇಬರಹ."

"ಅವರದಲ್ಲ. ಆ ಮನ್ಯಾಗ ನೀರು ಹಾಕೋರು ಯಾರು? ಮನಿಯಾಕಿ ಹಾಕ್ತಾಳೇನು? ಕೆಲಸದಾಕಿ ಹಾಕ್ತಾಳ. ಗಿಡ ಸತ್ತ ದಿನ ಯಾರಿಗೆ ಬೈತಾರ?"

"ಎಲ್ಲರ ಮನಿ ಕೆಲಸದಾಕಿ ಚಿಂತಿ ನನಗ್ಯಾಕ?"

"ಹಂಗಾದ್ರ ಒಯ್ಯಿ. ನಿನ್ನ ಅಂಗಡಿ ಮುಂದ ಕೂತು, ಬಂದೋರಿಗೆಲ್ಲ ಇದು ಸಾಯತೈತಿ ಅಂತ ನಾ ಹೇಳ್ತೀನಿ. ದಿನಾ ಬರ್ತೀನಿ. ಬುತ್ತಿ ಕಟ್ಕೊಂಡು."

ಸೆಲ್ವಿಗೆ ಮಾತು ತಿಳಿಯಲಿಲ್ಲ, ಜಗಳ ತಿಳಿಯಿತು. ತನ್ನ ವ್ಯಾಪಾರ ಕೆಡುತ್ತಿದೆ ಎಂದು ಗೊತ್ತಾಗಿಯೂ ನಗುತ್ತ ನಿಂತಿದ್ದಳು. ಕೆಳಗಿನಿಂದ ಬಂದು ಕೊಂಡವರು ಆರು ತಿಂಗಳಿಗೆ ಫೋನು ಮಾಡಿ ತನ್ನ ಗಿಡವೇ ಕೆಟ್ಟದ್ದೆಂದು ಬೈಯುತ್ತಾರೆ, ರಾತ್ರಿ ಚಳಿಯ ಮಾತು ಒಬ್ಬರೂ ಕೇಳುವುದಿಲ್ಲ ಎಂದಳು.

ಕೊನೆಗೆ ಪದ್ಮ ಆ ಐವತ್ತು ಗಿಡವನ್ನೂ ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಕೆಳಗಿನ ಊರಿನ ಅದೇ ಸೋಮಾರಿಯ ಹತ್ತಿರ ಗುಂಡು ಹೂಜಿಯ ಗಿಡಗಳನ್ನು ನಾನೇ ಆರಿಸಿದೆ, ಒಂದೊಂದರ ಎಳೆ ಎಲೆಯ ತುದಿ ಮುಟ್ಟಿ ನೋಡಿ. ಇವು ನಮ್ಮ ಸೆಕೆ ತಾಳುತ್ತವೆ. ಮಾರ್ಚಿನಿಂದ ಜೂನಿನ ತನಕ ಒದ್ದೆ ಗೋಣಿಯ ಮರೆಯಲ್ಲಿಟ್ಟರೆ, ಬೋರ್ ನೀರು ಸೋಕದಿದ್ದರೆ ಬದುಕುತ್ತವೆ. ಬದುಕುತ್ತಿವೆ. ಹಬ್ಸಿಗೂಡದಲ್ಲಿ ಹೋಗಿ ನೋಡಬಹುದು.

ಬೇಗಂಪೇಟೆ

ಬಂದ ಮೂರನೆಯ ದಿನ ಮೇಡಂ ಮನೆಗೆ ಹೋದೆ. ನನ್ನ ಪ್ರವಾಸ ಮುಗಿದದ್ದು ಅಲ್ಲಿ. ಮೂರನೆಯ ಮಹಡಿಯ ಫ್ಲ್ಯಾಟು. ಬಾಗಿಲು ತೆಗೆದವಳು ಮನೆಕೆಲಸದವಳು, ನಲವತ್ತು ದಾಟಿದ ಹೆಂಗಸು, ಲಕ್ಷ್ಮಿ ಅಂತ, ತೆಲುಗಿನವಳು. ಕೈ ಒದ್ದೆಯಿತ್ತು, ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದಳು.

ಮೇಡಂ ಕಾಲು ಮೇಲಿಟ್ಟು ಕುರ್ಚಿಯಲ್ಲಿ ಕೂತಿದ್ದರು. ಮೊಣಕಾಲಿನ ಆಪರೇಷನ್ ಆಗಿದೆಯಂತೆ. ಚಹಾ ತರಿಸಿದರು. ಪುಸ್ತಕದಲ್ಲಿ ಬರೆದದ್ದನ್ನು ತಿದ್ದಿ ಕೊಡಿರಿ ಎಂದೆ.

"ಆ ಪುಸ್ತಕ ಈಗೆಲ್ಲಿದೆ, ಶಾಂತವ್ವ? ಸುಣ್ಣ ಬಳಿಯೋವಾಗ ರದ್ದಿಗೆ ಹಾಕಿದ್ರು."

"ಹೊಸಾದು ಬರೀರಿ. ಕನ್ನಡದಾಗ ಬರೀರಿ, ದೊಡ್ಡ ಅಕ್ಷರದಾಗ. ನಾ ಓದಬೇಕು."

ಒಂದು ಹಾಳೆ ತೆಗೆದು ಒಂದು ಸಾಲು ಬರೆದು ಕೊಟ್ಟರು. ನಾನು ಅಕ್ಷರ ಕೂಡಿಸಿ ಓದಿದೆ. ಹೊತ್ತು ಹಿಡಿಯಿತು. 'ಹೂಜಿ ಗಿಡಗಳು ಹೈದರಾಬಾದಿನ ಹವಾಮಾನಕ್ಕೆ ಹೊಂದಿಕೊಳ್ಳಲಿಲ್ಲ.'

"ಇದರಾಗ ನಾ ಎಲ್ಲಿದೀನ್ರಿ?"

"ನಿನ್ನ ತಪ್ಪಲ್ಲ ಅಂತಲೇ ಅಲ್ವಾ ಅದರ ಅರ್ಥ?"

"ತಪ್ಪು ಹೊರಿಸೋವಾಗ ಇಪ್ಪತ್ತೆರಡು ಸಲ ಹೆಸರು ಹಾಕಿದ್ರಿ. ಈಗ ಒಂದ್ ಸಲ ಹಾಕಾಕ ಕೈ ನೋಯತೈತೇನ್ರಿ?"

ಹಾಳೆ ತೆಗೆದುಕೊಂಡು ಕೆಳಗೆ ಬರೆದರು: 'ಶಾಂತವ್ವ ಸರಿಯಾದ ನೀರನ್ನೇ ಹಾಕಿದ್ದಳು.'

"ಮತ್ತ ಬೋರ್ ನೀರು ಅಂತ ಬರದೋರು ಯಾರು?"

ಮೇಡಂ ಪೆನ್ನು ಕೆಳಗಿಟ್ಟರು. ಗೋಡೆಯ ಗಡಿಯಾರ ನೋಡಿದರು, ಔಷಧಿಯ ಹೊತ್ತಾಯಿತು ಎಂದರು. ತಗೋರಿ ಎಂದೆ. ತಗೊಂಡರು. ನಾನು ಕೂತೇ ಇದ್ದೆ. ಕೊನೆಗೆ ಬರೆದರು: 'ಗೊತ್ತಿದ್ದೂ ಸುಳ್ಳು ಬರೆದವಳು ನಾನು.' ಕೆಳಗೆ ಸಹಿ ಹಾಕಿದರು.

"ಈಗ ಸಮಾಧಾನ ಆಯ್ತಾ?"

"ಇಲ್ರಿ. ಎಂಟು ವರ್ಷ ಕಸ ಹೊಡದೀನಿ."

ಚಹಾ ಕುಡಿಯದೆ ಎದ್ದೆ. ಬಾಗಿಲ ಹತ್ತಿರ ಲಕ್ಷ್ಮಿ ಚೊಂಬು ಹಿಡಿದು ನಿಂತಿದ್ದಳು. ಅಮ್ಮ ಏನು ಬರೆದುಕೊಟ್ಟರು ಎಂದು ಮೆಲ್ಲಗೆ ಕೇಳಿದಳು. ಹಾಳೆ ಬಿಡಿಸಿ ಮೂರು ಸಾಲನ್ನೂ ತೆಲುಗಿಗೆ ತಿರುಗಿಸಿ ಓದಿದೆ. ಅವಳು ಒಳಗಡೆ ಒಮ್ಮೆ ನೋಡಿದಳು. ಮೇಡಂ ಕುರ್ಚಿಯಲ್ಲಿ ಅಲ್ಲಾಡದೆ ಕೇಳಿಸಿಕೊಳ್ಳುತ್ತಿದ್ದರು.

ಇನ್ನೊಮ್ಮೆ ಓದಿದೆ, ಗಟ್ಟಿಯಾಗಿ.